ಹಿಮಾಲಯದ ಎತ್ತರದಲ್ಲಿ ಡೇರೆ ಚಾರಣ: ಬೆಂಗಳೂರಿನಿಂದ ಹೊರಡುವವರಿಗೆ

ಹಿಮಾಲಯದಲ್ಲಿ ಮೂರೂವರೆ ಸಾವಿರ ಮೀಟರಿನ ಮೇಲೆ, ಊರಾಗಲಿ ರಸ್ತೆಯಾಗಲಿ ಮೊಬೈಲ್ ಸಿಗ್ನಲ್ ಆಗಲಿ ಇಲ್ಲದ ಕಡೆ, ಆರರಿಂದ ಹತ್ತು ದಿನ ನಡೆದು ಪ್ರತಿ ರಾತ್ರಿ ಡೇರೆಯಲ್ಲಿ ಮಲಗುವ ಚಾರಣವು ವಾರಾಂತ್ಯದ ಬೆಟ್ಟ ಹತ್ತುವುದಕ್ಕಿಂತ ತೀರ ಬೇರೆ ಬಗೆಯದು. ಬೆಂಗಳೂರಿನ ಹತ್ತಿರದ ಸಾವನದುರ್ಗದಲ್ಲೋ ಶಿವಗಂಗೆಯಲ್ಲೋ ಸುಸ್ತಾದರೆ ಒಂದೆರಡು ಗಂಟೆಯಲ್ಲಿ ಕೆಳಗಿಳಿದು ಬಸ್ಸು ಹಿಡಿಯಬಹುದು. ಹಿಮಾಲಯದ ಮೂರನೆಯ ಬಿಡಾರದಲ್ಲಿ ಸುಸ್ತಾದವರಿಗೆ ಹತ್ತಿರದ ರಸ್ತೆ ಎರಡು ದಿನದ ನಡಿಗೆಯಷ್ಟು ದೂರ ಇರುತ್ತದೆ. ಊಟ, ಹಾಸಿಗೆ, ಔಷಧ ಎಲ್ಲವೂ ಮನುಷ್ಯರ ಇಲ್ಲವೇ ಹೇಸರಗತ್ತೆಗಳ ಬೆನ್ನ ಮೇಲೆ ಬಂದಿರಬೇಕು. ಬರದೇ ಉಳಿದದ್ದನ್ನು ಅಲ್ಲಿ ಕೊಳ್ಳಲು ಸಿಗುವುದಿಲ್ಲ.

ಕರ್ನಾಟಕದಿಂದ, ಅದರಲ್ಲೂ ಬೆಂಗಳೂರಿನಿಂದ, ಇಂಥ ಚಾರಣಕ್ಕೆ ಹೋಗುವವರು ಕಡಿಮೆಯೇನಲ್ಲ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ಅವರು ಹೋಗುವ ಜಾಗಗಳಲ್ಲಿ ಒಂದು. ಸಿಲ್ಲಾ ಹಳ್ಳಿಯ ಕಡೆಯಿಂದ ಹೊರಟು, ಓಕ್ ಮತ್ತು ರೋಡೋಡೆಂಡ್ರಾನ್ ಮರಗಳ ಕಾಡು ದಾಟಿ, ಕುಶ್‌ಕಲ್ಯಾಣ್ ಎಂಬ ಎತ್ತರದ ಹುಲ್ಲುಗಾವಲನ್ನು ಹಾದು, ಸುಮಾರು 4400 ಮೀಟರ್ ಎತ್ತರದಲ್ಲಿರುವ ಕೊಳಗಳ ಗುಂಪನ್ನು ತಲುಪುವ ದಾರಿ ಅದು. ಹಗ್ಗ ಕಟ್ಟಿ ಹತ್ತಬೇಕಾದ ಬಂಡೆಗಳು ಅಲ್ಲಿಲ್ಲ. ಆದ್ದರಿಂದಲೇ ಅದು ಪರ್ವತಾರೋಹಣ ಎನ್ನಿಸಿಕೊಳ್ಳದೆ ಚಾರಣ ಎನ್ನಿಸಿಕೊಳ್ಳುತ್ತದೆ.

2024ರ ಜೂನ್ ಮೊದಲ ವಾರದಲ್ಲಿ ಇದೇ ದಾರಿಯಲ್ಲಿ, ಸ್ಥಳೀಯ ಗೈಡ್‌ಗಳೂ ಸೇರಿ 22 ಜನರಿದ್ದ ಕರ್ನಾಟಕದ ತಂಡವೊಂದು ಕೊಳಗಳನ್ನು ನೋಡಿ ಬಿಡಾರಕ್ಕೆ ಮರಳುವಾಗ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು. ಉಳಿದ 13 ಜನರನ್ನು ವಾಯುಪಡೆಯ ಹೆಲಿಕಾಪ್ಟರ್‌ಗಳು, ಉತ್ತರಾಖಂಡದ ರಾಜ್ಯ ವಿಪತ್ತು ಸ್ಪಂದನಾ ಪಡೆ ಮತ್ತು ಸ್ಥಳೀಯರು ಸೇರಿ ಉಳಿಸಿದರು. ಕರ್ನಾಟಕ ಸರ್ಕಾರ ಸಚಿವ ಕೃಷ್ಣ ಬೈರೇಗೌಡರನ್ನು ಡೆಹ್ರಾಡೂನಿಗೆ ಕಳಿಸಿತು. ತಂಡದಲ್ಲಿದ್ದವರಲ್ಲಿ ಹಲವರು ಈ ಮೊದಲೂ ಬೆಟ್ಟ ಸುತ್ತಿದ್ದ ಅನುಭವಿಗಳು. ಎತ್ತರದ ಚಾರಣದಲ್ಲಿ ಪ್ರಾಣಾಪಾಯ ಬರುವುದು ಕಡಿದಾದ ಬಂಡೆಯಿಂದಲೇ ಎಂದು ತಿಳಿದವರು ಈ ಘಟನೆಯನ್ನು ಗಮನವಿಟ್ಟು ಓದಬೇಕು. ಅಲ್ಲಿ ಯಾರೂ ಪ್ರಪಾತಕ್ಕೆ ಬಿದ್ದು ಸಾಯಲಿಲ್ಲ. ಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿ, ಚಳಿಯಲ್ಲಿ ಪ್ರಾಣಬಿಟ್ಟರು. ಕಾಲಿನ ಬಲವನ್ನು ಊರಿನಲ್ಲೇ ಬೆಳೆಸಿಕೊಳ್ಳಬಹುದು. ಎತ್ತರದ ಗಾಳಿಯನ್ನೂ ಅಲ್ಲಿನ ಹವೆಯನ್ನೂ ಊರಿನಲ್ಲಿ ಅಭ್ಯಾಸ ಮಾಡಲು ಆಗುವುದಿಲ್ಲ. ಸಿದ್ಧತೆಯ ಪ್ರತಿಯೊಂದು ಅಂಶವನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ತೂಗಬೇಕು.

ಎತ್ತರ ಮತ್ತು ಉಸಿರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ 90ರಷ್ಟು. 3500 ಮೀಟರಿನಲ್ಲಿ ಅದು ಶೇ 65ರ ಹತ್ತಿರಕ್ಕೆ ಇಳಿಯುತ್ತದೆ, ಸಹಸ್ರತಾಲ್‌ನಂಥ ಎತ್ತರದಲ್ಲಿ ಶೇ 60ಕ್ಕೂ ಕೆಳಗೆ ಬರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಶೇ 21ರಷ್ಟೇ. ಒತ್ತಡ ಕಡಿಮೆಯಾಗಿ ಗಾಳಿ ತೆಳುವಾಗುವುದರಿಂದ ಪುಪ್ಪುಸಕ್ಕೆ ಸಿಗುವ ಮೊತ್ತ ಕುಗ್ಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟ ಹೆಚ್ಚುತ್ತದೆ, ಮೂತ್ರಪಿಂಡಗಳು ರಕ್ತದ ಕ್ಷಾರಗುಣವನ್ನು ಸರಿದೂಗಿಸುತ್ತವೆ, ದಿನಗಳು ಕಳೆದಂತೆ ಕೆಂಪು ರಕ್ತಕಣಗಳೂ ಹೆಚ್ಚುತ್ತವೆ. ಈ ಹೊಂದಾಣಿಕೆಗೆ ಸಮಯ ಬೇಕು. ಹಣ, ವಯಸ್ಸು, ವ್ಯಾಯಾಮ ಯಾವುದೂ ಆ ಸಮಯವನ್ನು ಕಡಿಮೆ ಮಾಡುವುದಿಲ್ಲ.

ದೇಹ ಹೊಂದಿಕೊಳ್ಳುವ ಮೊದಲೇ ಹತ್ತಿದರೆ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ 2500 ಮೀಟರಿನ ಮೇಲೆ ಶುರುವಾಗುತ್ತದೆ. ಕರ್ನಾಟಕದ ಅತ್ಯಂತ ಎತ್ತರದ ಜಾಗವಾದ ಮುಳ್ಳಯ್ಯನಗಿರಿಯೇ 1930 ಮೀಟರ್. ಇಡೀ ದಕ್ಷಿಣ ಭಾರತದಲ್ಲಿ ಎತ್ತರವಾದ ಕೇರಳದ ಆನೆಮುಡಿ 2695 ಮೀಟರ್. ಹೀಗಾಗಿ ಕರ್ನಾಟಕದಲ್ಲಿ ಹುಟ್ಟಿ ಬೆಳೆದ ಯಾರಿಗೂ ತನ್ನ ದೇಹ ನಾಲ್ಕು ಸಾವಿರ ಮೀಟರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಊರಿನಲ್ಲಿ ಪರೀಕ್ಷಿಸಿಕೊಳ್ಳುವ ದಾರಿಯಿಲ್ಲ. ಮ್ಯಾರಥಾನ್ ಓಡುವವರಿಗೆ ತಲೆನೋವು ಬಂದು, ನಿಧಾನವಾಗಿ ನಡೆಯುವ ಅರವತ್ತರ ಅಜ್ಜಿಗೆ ಏನೂ ಆಗದಿರುವುದು ಹಿಮಾಲಯದಲ್ಲಿ ಸಾಮಾನ್ಯ ಸಂಗತಿ. ಗಟ್ಟಿಮುಟ್ಟಾದ ಯುವಕರೇ ಹೆಚ್ಚು ಅಪಾಯಕ್ಕೆ ಸಿಗುವುದುಂಟು. ಏಕೆಂದರೆ ಅವರು ಬೇಗ ಬೇಗ ಹತ್ತಿಬಿಡುತ್ತಾರೆ.

ವೈದ್ಯರು ಒಪ್ಪಿರುವ ನಿಯಮ ಸರಳ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ತಂಗಬೇಕು. ಹಗಲಿನಲ್ಲಿ ಹೆಚ್ಚು ಎತ್ತರಕ್ಕೆ ನಡೆದು ಹೋಗಿ, ರಾತ್ರಿ ಕೆಳಗಿನ ಬಿಡಾರಕ್ಕೆ ಬಂದು ಮಲಗಿದರೆ ಇನ್ನೂ ಒಳ್ಳೆಯದು. ಚಾರಣದ ವೇಳಾಪಟ್ಟಿ ಕೈಗೆ ಬಂದ ಕೂಡಲೇ ನೋಡಬೇಕಾದ ಮೊದಲ ಅಂಕಿ ಇದು: ಪ್ರತಿ ಬಿಡಾರದ ಎತ್ತರ ಎಷ್ಟು, ಹಿಂದಿನ ರಾತ್ರಿಯದಕ್ಕಿಂತ ಎಷ್ಟು ಹೆಚ್ಚು. ಒಟ್ಟು ಕಿಲೋಮೀಟರು, ದರ, ಊಟದ ಪಟ್ಟಿಗಳೆಲ್ಲ ಆಮೇಲೆ. ವಿಮಾನದಲ್ಲಿ ಹೋಗುವವರು ಇನ್ನೊಂದು ವಿಷಯ ಗಮನಿಸಬೇಕು. ಉತ್ತರಕಾಶಿ ಪಟ್ಟಣ ಇರುವುದೇ ಸುಮಾರು 1150 ಮೀಟರ್ ಎತ್ತರದಲ್ಲಿ, ನಂದಿಬೆಟ್ಟದ ತುದಿಗಿಂತಲೂ ಕೆಳಗೆ. ಅಲ್ಲಿ ಎರಡು ದಿನ ಕಳೆದರೆ ಪ್ರಯಾಣದ ದಣಿವು ಆರುತ್ತದೆಯೇ ಹೊರತು ದೇಹ ಎತ್ತರಕ್ಕೆ ಒಗ್ಗುವುದಿಲ್ಲ.

ಕಾಯಿಲೆಯ ಮೊದಲ ಗುರುತು ತಲೆನೋವು. ಜೊತೆಗೆ ಹೊಟ್ಟೆ ತೊಳೆಸುವುದು, ಊಟ ಬೇಡವೆನ್ನಿಸುವುದು, ವಿಪರೀತ ದಣಿವು, ತಲೆಸುತ್ತು, ನಿದ್ದೆಗೇಡು. ಈ ಹಂತದಲ್ಲಿ ಮೇಲೆ ಹತ್ತದೆ ಅಲ್ಲೇ ನಿಂತರೆ ಒಂದೆರಡು ದಿನದಲ್ಲಿ ಸರಿಹೋಗುವುದೇ ಹೆಚ್ಚು. ಇದನ್ನು ಕಡೆಗಣಿಸಿ ಹತ್ತಿದರೆ ಎರಡು ಮಾರಕ ರೂಪಗಳು ಕಾಣಿಸಬಹುದು. ಒಂದರಲ್ಲಿ ಪುಪ್ಪುಸದಲ್ಲಿ ನೀರು ತುಂಬುತ್ತದೆ: ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ತುಟಿ ಉಗುರು ನೀಲಿಗಟ್ಟುವುದು. ಇನ್ನೊಂದರಲ್ಲಿ ಮಿದುಳು ಊದಿಕೊಳ್ಳುತ್ತದೆ: ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ನೆಟ್ಟಗೆ ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿ ನೋಡುವುದು ಇದನ್ನು ಪತ್ತೆಹಚ್ಚುವ ಸುಲಭ ಪರೀಕ್ಷೆ. ಎರಡರಲ್ಲಿ ಯಾವುದು ಕಂಡರೂ ಮಾಡಬೇಕಾದದ್ದು ಒಂದೇ: ಕೂಡಲೇ ಕೆಳಗಿಳಿಸುವುದು. ರಾತ್ರಿಯಾದರೂ ಸರಿ, ಬೆಳಗಿನವರೆಗೆ ಕಾಯಬಾರದು. 300ರಿಂದ 1000 ಮೀಟರ್ ಇಳಿದರೆ ಬಹುತೇಕರಲ್ಲಿ ಸುಧಾರಣೆ ಕಾಣುತ್ತದೆ. ಆಮ್ಲಜನಕದ ಸಿಲಿಂಡರ್, ಚುಚ್ಚುಮದ್ದು ಎಲ್ಲವೂ ಇಳಿಯುವುದಕ್ಕೆ ಸಹಾಯ ಮಾಡುತ್ತವೆ. ಇಳಿಯುವುದರ ಬದಲಿಗೆ ಅವನ್ನು ನಂಬುವಂತಿಲ್ಲ.

ಡಯಾಮಾಕ್ಸ್ ಎಂದು ಎಲ್ಲರೂ ಕರೆಯುವ ಅಸಿಟಜೋಲಮೈಡ್ ಮಾತ್ರೆ ದೇಹ ಒಗ್ಗುವುದನ್ನು ಚುರುಕುಗೊಳಿಸುತ್ತದೆ. ವಯಸ್ಕರಿಗೆ ಮುನ್ನೆಚ್ಚರಿಕೆಯಾಗಿ ಸಾಮಾನ್ಯವಾಗಿ ಸೂಚಿಸುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನಿಸುವುದು ಇದರ ಸಹಜ ಪರಿಣಾಮಗಳು. ಸಲ್ಫಾ ಔಷಧಗಳ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕಾಣದೆ ಇದನ್ನು ಮುಟ್ಟಬಾರದು. ಔಷಧದ ಅಂಗಡಿಯವರ ಸಲಹೆ ಇಲ್ಲಿ ಸಾಲದು. ಮದ್ಯ ಮತ್ತು ನಿದ್ದೆಮಾತ್ರೆ ಉಸಿರಾಟವನ್ನು ಕುಂದಿಸುವುದರಿಂದ ಎತ್ತರದಲ್ಲಿ ಎರಡೂ ವರ್ಜ್ಯ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಒಯ್ಯುವುದು ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಗಾಬರಿ ಹುಟ್ಟಿಸುವ 85ರ ಅಂಕಿ ನಾಲ್ಕು ಸಾವಿರ ಮೀಟರಿನಲ್ಲಿ ಆರೋಗ್ಯವಂತರಲ್ಲೂ ಕಾಣುತ್ತದೆ. ಅಂಕಿಗಿಂತ ಮನುಷ್ಯ ಹೇಗಿದ್ದಾನೆ ಎನ್ನುವುದು ಮುಖ್ಯ.

ಊರಿನಲ್ಲಿ ಮಾಡಬಹುದಾದ ತಾಲೀಮು

ಬೆಂಗಳೂರಿನ ಕಾಟನ್‌ಪೇಟೆ, ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಅಂಗಡಿ ಇಲ್ಲವೇ ಕಚೇರಿಯಲ್ಲಿ ದಿನವಿಡೀ ಕುಳಿತೇ ಇರುವವರು ಹೊರಡುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ತಾಲೀಮು ಶುರು ಮಾಡಬೇಕು. ಜಿಮ್ ಕಡ್ಡಾಯವೇನಲ್ಲ. ಕಾಟನ್‌ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಓಡಲು ಜಾಗವಿಲ್ಲದಿದ್ದರೂ ಮೂರ್ನಾಲ್ಕು ಅಂತಸ್ತಿನ ಕಟ್ಟಡಗಳಿಗೆ ಬರವಿಲ್ಲ. ವಾರಕ್ಕೆ ಮೂರು ದಿನ, ಮೊದಲು ಇಪ್ಪತ್ತು ನಿಮಿಷ, ಕ್ರಮೇಣ ಮುಕ್ಕಾಲು ಗಂಟೆ ಮೆಟ್ಟಿಲು ಹತ್ತಿ ಇಳಿಯಬೇಕು. ಇನ್ನೆರಡು ದಿನ ಲಾಲ್‌ಬಾಗ್‌ನಂಥ ಕಡೆ ಬಿರುಸಾಗಿ ನಡೆಯಬೇಕು ಇಲ್ಲವೇ ಮೆಲ್ಲನೆ ಓಡಬೇಕು. ಓಡುವಾಗ ಪಕ್ಕದವರೊಡನೆ ತುಂಡು ತುಂಡಾಗಿಯಾದರೂ ಮಾತಾಡಲು ಆಗುವಷ್ಟು ವೇಗ ಸಾಕು.

ಹಲವರು ಮರೆಯುವುದು ಇಳಿಜಾರನ್ನು. ಹತ್ತುವಾಗ ಸುಸ್ತಾಗುವುದು ಎದೆಗೂಡು, ಇಳಿಯುವಾಗ ಸೋಲುವುದು ಮಂಡಿ ಮತ್ತು ತೊಡೆ. ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾದ ಕೆಲಸ ಅದು. ಅದಕ್ಕೆ ಇಳಿದೇ ಅಭ್ಯಾಸವಾಗಬೇಕು. ಸುಲ್ತಾನಪೇಟೆ ಕಡೆಯಿಂದ ನಂದಿಬೆಟ್ಟಕ್ಕೆ ಹೋಗುವ ಮೆಟ್ಟಿಲುಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಶಿವಗಂಗೆಯೂ ಆದೀತು. ಸಾವನದುರ್ಗದ ಬಂಡೆ ಮಳೆಯಲ್ಲಿ ಜಾರುವುದರಿಂದ ಒಣ ದಿನಗಳಲ್ಲಿ ಮಾತ್ರ. ಕೊನೆಯ ತಿಂಗಳಲ್ಲಿ ಬೆನ್ನುಚೀಲಕ್ಕೆ ನೀರಿನ ಬಾಟಲಿಗಳನ್ನು ತುಂಬಿ ಎಂಟು–ಹತ್ತು ಕಿಲೋ ಹೊತ್ತು ನಡೆಯಬೇಕು. ಮಂಡಿನೋವು ಇರುವವರು ಹತ್ತುವಾಗ ಹೊತ್ತ ನೀರನ್ನು ಇಳಿಯುವ ಮುಂಚೆ ಚೆಲ್ಲಿಬಿಡಬಹುದು.

ಕರ್ನಾಟಕದಲ್ಲೇ ಒಂದು ದೊಡ್ಡ ಪರೀಕ್ಷೆ ಬೇಕೆನ್ನುವವರಿಗೆ ಕುಮಾರ ಪರ್ವತಕ್ಕಿಂತ ಉತ್ತಮವಾದದ್ದಿಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು, ಗಿರಿಗದ್ದೆಯ ಭಟ್ಟರ ಮನೆ, ಕಲ್ಲುಮಂಟಪ, ಶೇಷ ಪರ್ವತ ದಾಟಿ 1712 ಮೀಟರಿನ ತುದಿ ಮುಟ್ಟುವಷ್ಟರಲ್ಲಿ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಿದಂತಾಗುತ್ತದೆ. ಹಿಮಾಲಯದ ಚಾರಣದಲ್ಲಿ ಒಂದೇ ದಿನ ಇಷ್ಟು ಏರಬೇಕಾದ ಸಂದರ್ಭ ಅಪರೂಪ. ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಿಂದ ರಾತ್ರಿ ಬಸ್ಸು ಹಿಡಿದರೆ ಬೆಳಗ್ಗೆ ಸುಬ್ರಹ್ಮಣ್ಯ. 2024ರ ಜನವರಿಯಲ್ಲಿ ಅಲ್ಲಿ ಮಿತಿಮೀರಿದ ಜನಸಂದಣಿಯಾದ ನಂತರ ಸರ್ಕಾರ ಚಾರಣವನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯನ್ನು ತಂದಿತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ತಾಣದಲ್ಲಿ ಮೊದಲೇ ಟಿಕೆಟ್ ಪಡೆಯಬೇಕು. ಈ ಬೆಟ್ಟವಿರುವ ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಮನಬಂದಲ್ಲಿ ಡೇರೆ ಹಾಕುವಂತಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ದಾರಿ ಮುಚ್ಚುವುದೂ ಉಂಟು. ಬಂಡೆ ಹತ್ತುವುದು, ಹಗ್ಗದ ಬಳಕೆ ಮುಂತಾದವನ್ನು ಕ್ರಮವಾಗಿ ಕಲಿಯಬಯಸುವವರಿಗೆ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳಿವೆ. ಇನ್ನೂ ಮುಂದೆ ಹೋಗುವವರಿಗೆ 1965ರಲ್ಲಿ ಉತ್ತರಕಾಶಿಯಲ್ಲಿ ಆರಂಭವಾದ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ.

ಬಟ್ಟೆ, ಬೂಟು, ಚೀಲ

ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಗಾಳಿ ಸೇರಿದರೆ ಲೆಕ್ಕವೇ ಬದಲು. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 8ರಂತೆ ತಟ್ಟುತ್ತದೆ. ಒದ್ದೆ ಮೈಯಾದರೆ ಇನ್ನೂ ಕಷ್ಟ, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆದುಕೊಳ್ಳುತ್ತದೆ. ಬೆಂಗಳೂರಿನ ಹವೆಗೆ ಒಪ್ಪುವ ಹತ್ತಿಬಟ್ಟೆ ಇಲ್ಲಿ ಅಪಾಯಕಾರಿ. ಬೆವರನ್ನೂ ಮಳೆಯನ್ನೂ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಜೀನ್ಸ್ ಪ್ಯಾಂಟನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು.

ಮೂರು ಪದರದ ಉಡುಪು ಇದಕ್ಕೆ ಉತ್ತರ. ಮೈಗೆ ತಾಗುವಂತೆ ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ಉಣ್ಣೆಯ ಥರ್ಮಲ್, ಅದರ ಮೇಲೆ ಬಿಸುಪು ಹಿಡಿಯುವ ಫ್ಲೀಸ್ ಇಲ್ಲವೇ ಪುಕ್ಕದ ಜಾಕೆಟ್, ಎಲ್ಲಕ್ಕೂ ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಹೊರಪದರದಲ್ಲಿ ಉಳಿತಾಯ ಮಾಡುವುದು ತಪ್ಪು ಲೆಕ್ಕ. ಹಗುರವಾದ ಪ್ಲಾಸ್ಟಿಕ್ ಪಾಂಚೋ ಮಲೆನಾಡಿನ ಮಳೆಗೆ ಸಾಕು, ಹಿಮಗಾಳಿಗೆ ಹರಿದುಹೋಗುತ್ತದೆ. ನಡೆಯುವಾಗ ಬೆವರು ಬಾರದಷ್ಟು ತೆಳುವಾಗಿ, ನಿಂತ ಕೂಡಲೇ ದಪ್ಪನೆಯದನ್ನು ಹಾಕಿಕೊಳ್ಳುವ ರೂಢಿಯಾಗಬೇಕು. ಕೈಗವಸು ಎರಡು ಜೊತೆ ಬೇಕು, ಒಂದಾದರೂ ನೀರು ತಡೆಯುವಂಥದ್ದು. ಒಂದು ಜೊತೆ ಕಾಲುಚೀಲ ಮತ್ತು ಒಂದು ಜೊತೆ ಥರ್ಮಲ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಲಗುವುದಕ್ಕೆ ಮಾತ್ರ ಎಂದು ಮೀಸಲಿಡಬೇಕು. ಎಂಥ ಪ್ರಸಂಗದಲ್ಲೂ ಅದನ್ನು ಹಗಲಿನಲ್ಲಿ ತೊಡಬಾರದು.

ಬೂಟು ಹಿಮ್ಮಡಿ ಗಂಟನ್ನು ಮುಚ್ಚುವಷ್ಟು ಎತ್ತರ ಇರಲಿ, ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳು ಆಡುವಷ್ಟು ಸಡಿಲ ಇರಲಿ. ಹೊಸ ಬೂಟು ತೊಟ್ಟು ರೈಲು ಹತ್ತುವವರಿಗೆ ಎರಡನೆಯ ದಿನವೇ ಬೊಬ್ಬೆ ಏಳುತ್ತವೆ. ಕನಿಷ್ಠ ಐವತ್ತು–ಅರವತ್ತು ಕಿಲೋಮೀಟರ್ ಊರಿನಲ್ಲೇ ಸವೆಸಿರಬೇಕು. ಹಿಮದ ಮೇಲೆ ನಡೆಯುವ ದಿನಗಳಿದ್ದರೆ ಅಲ್ಟ್ರಾವಯಲೆಟ್ ತಡೆಯುವ ಕಪ್ಪು ಕನ್ನಡಕ ಕಡ್ಡಾಯ. ಹೊಸ ಹಿಮ ಬಿಸಿಲಿನ ಈ ಕಿರಣಗಳಲ್ಲಿ ಶೇ 80ರವರೆಗೂ ಹಿಂದಕ್ಕೆ ಎರಚುತ್ತದೆ, ಕೆಲವೇ ಗಂಟೆಗಳಲ್ಲಿ ಕಣ್ಣು ಸುಟ್ಟಂತಾಗಿ ಕುರುಡು ಕವಿಯುತ್ತದೆ. ಮಲಗುವ ಸ್ಲೀಪಿಂಗ್ ಬ್ಯಾಗ್ ಮೈನಸ್ 10 ಡಿಗ್ರಿಯಲ್ಲೂ ನೆಮ್ಮದಿ ಕೊಡುವಂಥದ್ದಾಗಿರಬೇಕು. ಬ್ಯಾಗಿನ ಮೇಲೆ ನಮೂದಿಸಿರುವ ‘ಕಂಫರ್ಟ್’ ಅಂಕಿಯನ್ನು ನೋಡಬೇಕು, ‘ಎಕ್ಸ್‌ಟ್ರೀಮ್’ ಅಂಕಿ ಜೀವ ಉಳಿಯುವುದಕ್ಕಷ್ಟೇ ಸಂಬಂಧಿಸಿದ್ದು. ಒಂದೇ ಚಾರಣಕ್ಕೆ ಇದೆಲ್ಲವನ್ನೂ ಕೊಳ್ಳಬೇಕಾಗಿಲ್ಲ. ಬೂಟು ಮತ್ತು ಒಳಪದರ ಸ್ವಂತದ್ದಿರಲಿ, ಉಳಿದದ್ದು ಬಾಡಿಗೆಗೆ ಸಿಗುತ್ತದೆ.

ಹಗಲಿನ ಚೀಲವನ್ನು ಹೇಸರಗತ್ತೆಗೆ ಹೊರಿಸಿ ಬರಿಗೈಯಲ್ಲಿ ನಡೆಯುವ ಆಸೆ ಹುಟ್ಟುವುದು ಸಹಜ. ಆದರೂ ಹೊರಪದರ, ಬೆಚ್ಚನೆಯ ಜಾಕೆಟ್, ಟಾರ್ಚ್, ನೀರು, ಒಂದಿಷ್ಟು ತಿನಿಸು, ಜೀವರಕ್ಷಕ ಮಾತ್ರೆಗಳು ಪ್ರತಿಯೊಬ್ಬರ ಬೆನ್ನ ಮೇಲೇ ಇರಬೇಕು. ಹವೆ ಕೆಟ್ಟಾಗ ಹೇಸರಗತ್ತೆ ಬೇರೆ ದಾರಿಯಲ್ಲಿರುತ್ತದೆ.

ಬಿಡಾರ ಮತ್ತು ಊಟ

ಡೇರೆ ಹಾಕುವ ಜಾಗ ಚಪ್ಪಟೆಯಾಗಿದ್ದರೆ ಸಾಲದು. ಒಣಗಿದ ಹಳ್ಳದ ಪಾತ್ರ, ಕಲ್ಲು ಉರುಳುವ ಇಳಿಜಾರಿನ ಬುಡ, ಗುಡ್ಡದ ಬೆನ್ನು, ಒಂಟಿ ಮರದ ಅಡಿ ಇವನ್ನೆಲ್ಲ ಬಿಡಬೇಕು. ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ, ಗೂಟದ ಹಗ್ಗಗಳ ಮೇಲೆ ಕಲ್ಲು ಹೇರಿರಲಿ. ಮುಚ್ಚಿದ ಡೇರೆಯೊಳಗೆ ಸ್ಟವ್ ಅಥವಾ ಕೆಂಡ ಇಟ್ಟು ಮಲಗಿದವರು ಬೆಳಗ್ಗೆ ಏಳದೇ ಹೋದ ಉದಾಹರಣೆಗಳಿವೆ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಅರಿವಿಗೆ ಬರುವ ಮುನ್ನವೇ ಪ್ರಜ್ಞೆ ತಪ್ಪಿಸುತ್ತದೆ. ಚಳಿಗೆ ಬಿಸಿನೀರು ತುಂಬಿದ ಬಾಟಲಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳುವುದು ಸುರಕ್ಷಿತ ಉಪಾಯ. ಬೆಳಗ್ಗೆ ಆ ನೀರೇ ಕುಡಿಯಲು ಒದಗುತ್ತದೆ. ಮೊಬೈಲು, ಟಾರ್ಚಿನ ಬ್ಯಾಟರಿಗಳು ಚಳಿಗೆ ಬೇಗ ಇಳಿದುಹೋಗುವುದರಿಂದ ಅವೂ ಬ್ಯಾಗಿನೊಳಗೇ ಮಲಗಲಿ.

ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳಿಗೆ ಬುಗ್ಯಾಲ್ ಎನ್ನುತ್ತಾರೆ. ಇವುಗಳ ರಕ್ಷಣೆಗಾಗಿ ಅಲ್ಲಿನ ಹೈಕೋರ್ಟ್ 2018ರಲ್ಲಿ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತ್ತು. ಯಾವ ಜಾಗದಲ್ಲಿ ಬಿಡಾರಕ್ಕೆ ಈಗ ಅನುಮತಿಯಿದೆ ಎನ್ನುವುದನ್ನು ಅರಣ್ಯ ಇಲಾಖೆಯ ಪತ್ರದಲ್ಲೇ ನೋಡಿಕೊಳ್ಳಬೇಕು. ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಗೇಣುದ್ದದ ಗುಂಡಿ ತೋಡಿ ಮುಚ್ಚಬೇಕು. ಪ್ಲಾಸ್ಟಿಕ್ ಚೂರುಗಳನ್ನು ಸುಡದೆ, ಹೂಳದೆ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಬುಗ್ಯಾಲ್‌ಗಳ ಹುಲ್ಲನ್ನೂ ನೀರನ್ನೂ ನಂಬಿ ಬದುಕುವ ಕುರಿಗಾಹಿಗಳಿದ್ದಾರೆ. ಅವರ ಬದುಕಿನ ನೆಲವನ್ನು ಕೆಡಿಸುವ ಹಕ್ಕು ಒಂದು ವಾರಕ್ಕೆ ಬಂದ ಅತಿಥಿಗಳಿಗಿಲ್ಲ.

ಎತ್ತರದಲ್ಲಿ ಹಸಿವು ಸಾಯುತ್ತದೆ, ಆದರೆ ದೇಹಕ್ಕೆ ಬೇಕಾದ ಶಕ್ತಿ ಊರಿನಲ್ಲಿದ್ದಾಗಿನದಕ್ಕಿಂತ ಎಷ್ಟೋ ಹೆಚ್ಚು. ನೀರು ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಿಮೆ ತಾಪದಲ್ಲಿ ಕುದಿಯುವುದರಿಂದ 4400 ಮೀಟರಿನಲ್ಲಿ 85 ಡಿಗ್ರಿಗೇ ಕುದಿ ಬಂದುಬಿಡುತ್ತದೆ. ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವುದಿಲ್ಲ, ಅನ್ನ ಅರೆಬೆಂದಿರುತ್ತದೆ. ಇಲ್ಲಿ ಕನ್ನಡ ಮನೆಗಳ ಹಳೆಯ ಪ್ರಯಾಣದ ತಿನಿಸುಗಳು ಅದ್ಭುತವಾಗಿ ಒದಗುತ್ತವೆ. ಬಿಸಿನೀರು ಬೆಲ್ಲ ಬೆರೆಸಿ ಕಲಸಿದ ಹುರಿಹಿಟ್ಟು, ನೆನೆದರೆ ಸಾಕಾಗುವ ಗೊಜ್ಜವಲಕ್ಕಿ, ತಂಬಿಟ್ಟು, ಕಡಲೆಬೀಜದ ಚಿಕ್ಕಿ, ಕೊಬ್ಬರಿ ಬೆಲ್ಲ ಇವೆಲ್ಲ ಹಗುರ, ಕೆಡುವುದಿಲ್ಲ, ಒಲೆಯ ಮೇಲೆ ಬೇಯಿಸಬೇಕಾಗಿಲ್ಲ. ನಾಲಿಗೆ ಕೆಟ್ಟಾಗ ಒಂದು ಚಮಚ ಚಟ್ನಿಪುಡಿ, ಒಂದು ಹೋಳು ಉಪ್ಪಿನಕಾಯಿ ಊಟವನ್ನು ಒಳಗಿಳಿಸುತ್ತವೆ. ನೀರು ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ಬೇಕು. ಮೂತ್ರ ತಿಳಿಯಾಗಿದ್ದರೆ ಸಾಕಷ್ಟು ಕುಡಿದಂತೆ. ತೊರೆಯ ನೀರನ್ನು ಕುದಿಸದೆ ಕುಡಿಯಬಾರದು, ಮೇಲೆ ಕುರಿಮಂದೆ ಇದ್ದೇ ಇರುತ್ತದೆ.

ದಿನದ ಲೆಕ್ಕ ಮತ್ತು ಹಿಂತಿರುಗುವ ಹೊತ್ತು

ಮೇ ಮತ್ತು ಜೂನ್ ತಿಂಗಳಲ್ಲಿ ಈ ಪರ್ವತಗಳ ಹವೆಗೆ ಒಂದು ಕ್ರಮವಿದೆ. ಬೆಳಗ್ಗೆ ಆಕಾಶ ತಿಳಿಯಾಗಿರುತ್ತದೆ. ಬಿಸಿಲೇರಿದಂತೆ ಕಣಿವೆಯ ತೇವದ ಗಾಳಿ ಮೇಲೆದ್ದು ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತದೆ, ಆಮೇಲೆ ಗುಡುಗು, ಆಲಿಕಲ್ಲು, ಹಿಮ. ಜೂನ್ ಕೊನೆಗೆ ಮುಂಗಾರು ಉತ್ತರಾಖಂಡವನ್ನು ಮುಟ್ಟಿದರೆ ಭೂಕುಸಿತದ ಕಾಲ. ಸೆಪ್ಟೆಂಬರ್ ಉತ್ತರಾರ್ಧದಿಂದ ಅಕ್ಟೋಬರ್‌ವರೆಗೆ ಆಕಾಶ ಹೆಚ್ಚು ಸ್ಥಿರ, ರಾತ್ರಿಗಳು ಮಾತ್ರ ಹೆಚ್ಚು ಕೊರೆಯುತ್ತವೆ. ಹೊಳೆ ದಾಟುವುದಿದ್ದರೂ ಬೆಳಗೇ ಸರಿ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಹಿಮ ಕರಗಿ, ಬೆಳಗ್ಗೆ ಮೊಣಕಾಲುದ್ದ ಇದ್ದ ನೀರು ಸಂಜೆ ಸೊಂಟಕ್ಕೆ ಬಂದಿರುತ್ತದೆ. ದಾಟುವಾಗ ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿರಬೇಕು.

ಅತಿ ಎತ್ತರದ ಜಾಗ ಮುಟ್ಟುವ ದಿನ ನಸುಕಿಗೆ ಮುಂಚೆಯೇ ಹೊರಡಬೇಕು. ಅದಕ್ಕಿಂತ ಮುಖ್ಯವಾದದ್ದು, ಹಿಂದಿನ ರಾತ್ರಿಯೇ ತಂಡದ ಎಲ್ಲರೆದುರು ಹಿಂತಿರುಗುವ ಹೊತ್ತನ್ನು ನಿಗದಿ ಮಾಡುವುದು: ಹನ್ನೊಂದು ಗಂಟೆಯಾದರೆ ಹನ್ನೊಂದು, ಎಲ್ಲಿದ್ದರೂ ಅಲ್ಲಿಂದ ಹಿಂದಕ್ಕೆ. ಕೊಳ ಇನ್ನು ಅರ್ಧ ಗಂಟೆಯ ದಾರಿ ಎಂದು ಕಂಡಾಗ ಈ ಮಾತು ಬಹಳ ಕಹಿಯಾಗಿ ಕೇಳುತ್ತದೆ. ವರ್ಷಗಟ್ಟಲೆ ಕನಸು ಕಂಡು, ರಜೆ ಕೂಡಿಟ್ಟು, ಸಾವಿರಾರು ರೂಪಾಯಿ ಕಟ್ಟಿ ಬಂದವರಿಗೆ ಅಲ್ಲೇ ನಿರ್ಧರಿಸಲು ಬಿಟ್ಟರೆ ಮುಂದಕ್ಕೇ ಹೋಗುತ್ತಾರೆ. ಆದ್ದರಿಂದಲೇ ನಿರ್ಧಾರ ಹಿಂದಿನ ರಾತ್ರಿಯದಾಗಿರಬೇಕು. ಗೈಡ್ ಬೇಡವೆಂದರೆ ಯಾರೂ ಅವರ ಮೇಲೆ ಒತ್ತಡ ಹೇರಬಾರದು. ತಂಡದ ವೇಗ ಅತ್ಯಂತ ನಿಧಾನವಾಗಿ ನಡೆಯುವವರ ವೇಗವೇ. ಮುಂದೊಬ್ಬ ಗೈಡ್, ಕೊನೆಯಲ್ಲೊಬ್ಬ ಗೈಡ್ ಇರದ ತಂಡ ಮಂಜಿನಲ್ಲಿ ಒಡೆದುಹೋಗುತ್ತದೆ.

ಹವೆ ಕೆಟ್ಟೇಬಿಟ್ಟರೆ, ದಾರಿ ಕಾಣುವಷ್ಟು ಹೊತ್ತು ಗುಡ್ಡದ ಬೆನ್ನಿನಿಂದ ಕೆಳಗಿಳಿಯುವುದೇ ಮೊದಲ ಕೆಲಸ. ಮಿಂಚಿದ್ದರೆ ಒಬ್ಬರಿಂದೊಬ್ಬರು ದೂರ ಸರಿದು, ಲೋಹದ ಕೋಲುಗಳನ್ನು ಬಿಸುಟು, ಚೀಲದ ಮೇಲೆ ಕುಕ್ಕರುಗಾಲಿನಲ್ಲಿ ಕೂರಬೇಕು. ದಾರಿ ಕಾಣದಿದ್ದರೆ ನಡೆಯುತ್ತಲೇ ಇರುವುದು ಅಪಾಯ. ಬಂಡೆಯ ಮರೆ ಹುಡುಕಿ, ಇದ್ದ ಬಟ್ಟೆಯನ್ನೆಲ್ಲ ತೊಟ್ಟು, ನೆಲದ ಶೀತ ತಟ್ಟದಂತೆ ಚೀಲಗಳನ್ನು ಹಾಸಿ, ಒತ್ತೊತ್ತಾಗಿ ಕುಳಿತು, ಒಂದು ಟಾರ್ಪಾಲನ್ನು ಎಲ್ಲರ ಮೇಲೂ ಹೊದಿಸಿಕೊಳ್ಳಬೇಕು. ಇಡೀ ತಂಡಕ್ಕೆ ಸಾಲುವ ಟಾರ್ಪಾಲ್ ಒಂದೆರಡು ಕಿಲೋ ಭಾರ, ತುದಿಯ ದಿನವೂ ಅದು ಜೊತೆಗಿರಲೇಬೇಕು.

ದೇಹದ ಒಳತಾಪ 35 ಡಿಗ್ರಿಗಿಂತ ಇಳಿಯುವುದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ಗಡಗಡ ನಡುಕ, ಬೆರಳು ಗುಂಡಿ ಹಾಕಲೂ ಆಗದಷ್ಟು ಮರಗಟ್ಟುವುದು, ಎಡವುವುದು, ಮಾತು ಕಲಸಿಹೋಗುವುದು. ನಡುಕ ತಾನಾಗಿ ನಿಂತರೆ ಅದು ಗುಣವಾದ ಲಕ್ಷಣವಲ್ಲ, ಸ್ಥಿತಿ ವಿಷಮಿಸಿದ ಲಕ್ಷಣ. ಆ ಹಂತದಲ್ಲಿ ಕೆಲವರು ಸೆಖೆಯೆಂದು ಬಟ್ಟೆ ಕಿತ್ತೆಸೆಯುವುದೂ ಉಂಟು. ಇಂಥವರ ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿಸಿ, ಕಂಕುಳು ಮತ್ತು ಎದೆಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಬೇಕು. ಎಚ್ಚರವಿದ್ದು ನುಂಗಬಲ್ಲವರಾದರೆ ಸಿಹಿಯಾದ ಬಿಸಿ ಪಾನೀಯ ಕೊಡಬಹುದು. ಕೈಕಾಲು ತಿಕ್ಕಬಾರದು, ಎಬ್ಬಿಸಿ ನಡೆಸಬಾರದು, ಬ್ರಾಂದಿ ಖಂಡಿತ ಕೊಡಬಾರದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಉಳಿದ ಶಾಖವನ್ನೂ ಹೊರಹಾಕುತ್ತದೆ.

ಹೊರಡುವ ಮುನ್ನ, ಬಂದ ಮೇಲೆ

ಚಾರಣ ನಡೆಸುವ ಸಂಸ್ಥೆಯನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಎಷ್ಟು ಜನಕ್ಕೆ ಎಷ್ಟು ಗೈಡ್? ಅವರು ಪ್ರಥಮ ಚಿಕಿತ್ಸೆ ಕಲಿತಿದ್ದಾರೆಯೇ? ಆಮ್ಲಜನಕ, ಸ್ಟ್ರೆಚರ್, ವಾಕಿಟಾಕಿ ಇವೆಯೇ? ಅರಣ್ಯ ಇಲಾಖೆಯ ಅನುಮತಿಯ ಪ್ರತಿ ತೋರಿಸುತ್ತಾರೆಯೇ? ಹವೆ ಕೆಟ್ಟರೆ ಕಾಯಲು ಮೀಸಲು ದಿನ ಎಷ್ಟು? ಕೊನೆಯ ಪ್ರಶ್ನೆಗೆ ಸೊನ್ನೆ ಎಂಬ ಉತ್ತರ ಬಂದರೆ ಬೇರೆ ಸಂಸ್ಥೆ ಹುಡುಕುವುದು ಮೇಲು. ಭಾರತದಲ್ಲಿ ಪರವಾನಗಿಯಿಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಅಪರಾಧ. ವಿದೇಶದಲ್ಲಿರುವ ನೆಂಟರು ತಂದುಕೊಟ್ಟ ಉಪಗ್ರಹ ಸಂದೇಶ ಸಾಧನಗಳಿಗೂ ಇದೇ ತೊಡಕು. ಆದ್ದರಿಂದ ಸಿಗ್ನಲ್ ಸಿಗುವ ಕೊನೆಯ ಜಾಗ ಯಾವುದು, ಅಲ್ಲಿಗೆ ಓಡಿ ಸುದ್ದಿ ಮುಟ್ಟಿಸುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಸಾಧಾರಣ ಆರೋಗ್ಯ ವಿಮೆಯಲ್ಲಿ ಸಾಹಸ ಚಟುವಟಿಕೆಗೆ ಪರಿಹಾರ ಇರುವುದಿಲ್ಲ. ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿರುವ, ಎತ್ತರದ ಮಿತಿಯನ್ನು ಸ್ಪಷ್ಟವಾಗಿ ಬರೆದಿರುವ ಪಾಲಿಸಿ ಬೇಕು. ನಲವತ್ತೈದು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾ ಇರುವವರು ಹೃದಯದ ತಪಾಸಣೆ ಮಾಡಿಸಿಕೊಂಡೇ ಹೆಸರು ಕೊಡಬೇಕು.

ಮನೆಯಲ್ಲಿ ಒಬ್ಬರ ಕೈಗೆ ಪೂರ್ತಿ ವಿವರದ ಚೀಟಿ ಇರಲಿ: ದಿನವಾರು ಬಿಡಾರಗಳ ಹೆಸರು, ಸಂಸ್ಥೆಯ ಮತ್ತು ಗೈಡ್‌ಗಳ ಫೋನ್, ರಕ್ತದ ಗುಂಪು, ವಿಮೆಯ ಸಂಖ್ಯೆ, ಯಾವ ದಿನದೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ಕರೆ ಮಾಡಬೇಕು. ಆ ಚೀಟಿ ಹಿಡಿದವರು ಚಾರಣ ನಡೆಯುವ ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯೊಡನೆ ಹಿಂದಿಯಲ್ಲಿ ಮಾತಾಡಬಲ್ಲವರಾದರೆ ಒಳ್ಳೆಯದು. ಕಾಟನ್‌ಪೇಟೆಯಂಥ ಹಲವು ಭಾಷೆಗಳ ಕೇರಿಯಲ್ಲಿ ಮನೆಯವರಿಗೆ ಹಿಂದಿ ಬಾರದಿದ್ದರೂ ಪಕ್ಕದ ಅಂಗಡಿಯವರಿಗೆ ಬರುತ್ತದೆ, ಅವರಿಗೂ ಒಂದು ಪ್ರತಿ ಕೊಟ್ಟಿರಬಹುದು.

ಕಾಟನ್‌ಪೇಟೆಯಿಂದ ನಡೆದೇ ಹೋಗಬಹುದಾದ ನಗರ ರೈಲು ನಿಲ್ದಾಣದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಗೆ ಎರಡು ರಾತ್ರಿಯ ಪ್ರಯಾಣ. ಅಲ್ಲಿಂದ ಡೆಹ್ರಾಡೂನ್ ಅಥವಾ ಋಷಿಕೇಶ, ಮುಂದೆ ಒಂದು ಹಗಲು ಬೆಟ್ಟದ ರಸ್ತೆ. ಹೋಗುವಾಗ ಒಂದು ದಿನ, ಬರುವಾಗ ಕನಿಷ್ಠ ಎರಡು ದಿನ ಖಾಲಿ ಬಿಟ್ಟು ಟಿಕೆಟ್ ತೆಗೆಸಬೇಕು. ಸೋಮವಾರ ಕಚೇರಿಗೆ ಹಾಜರಾಗಲೇಬೇಕು, ಭಾನುವಾರದ ರೈಲು ತಪ್ಪಬಾರದು ಎಂಬ ಅವಸರದಲ್ಲೇ ಎಷ್ಟೋ ತಂಡಗಳು ಹವೆ ತಿಳಿಯಾಗುವವರೆಗೆ ಕಾಯದೆ ಬಿಡಾರ ಬಿಟ್ಟು ಹೊರಡುತ್ತವೆ.

ಊರಿಗೆ ಮರಳಿದ ಮೇಲೆ ಕಾಲ್ಬೆರಳ ಜೋಮು ಒಂದೆರಡು ವಾರ ಉಳಿಯುವುದು, ಉಗುರು ಕಪ್ಪಾಗುವುದು ಸಾಮಾನ್ಯ. ಬೆರಳು ಬಿಳುಚಿ ಸ್ಪರ್ಶವೇ ತಿಳಿಯದಿದ್ದರೆ, ಬೊಬ್ಬೆಯಲ್ಲಿ ಕಪ್ಪು ನೀರು ತುಂಬಿದರೆ, ಕೆಮ್ಮು ಮತ್ತು ಏದುಸಿರು ಇಳಿಯದಿದ್ದರೆ ಅಥವಾ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಷ್ಟು ಎತ್ತರದಲ್ಲಿ, ಎಷ್ಟು ದಿನ ಇದ್ದದ್ದೆಂಬುದನ್ನು ಮರೆಯದೆ ವೈದ್ಯರಿಗೆ ಹೇಳಬೇಕು.